ಯೂರಲ್ ಬೆಟ್ಟ ಕದ್ದವರು

ಅನುಮಾನ ಒಂದು ರೋಗ ಎನ್ನುತ್ತಾಳೆ ನಮ್ಮಾಕೆ. ಇರಬಹುದು. ಆದರೆ ಈ ಮಾತನ್ನು ಅವಳಿಗೆ ಹೇಳಿಕೊಟ್ಟವರು ಯಾರು ಎಂಬುದು ನನ್ನ ಅನುಮಾನ. ಹಾಲಿನವನ ಹೆಬ್ಬೆರಳು ಪಾವಿನೊಳಗಿದೆಯೇ ಎಂದು ನೋಡದೆ ನಾನು ಹಾಲು ಹಾಕಿಸಿಕೊಂಡವನಲ್ಲ. ಕ್ಲಾಸಿನಲ್ಲಂತೂ ಹುಡುಗರಿಗೆ ಬೆನ್ನು ತೋರಿಸಿದವನೇ ಅಲ್ಲ. ಬೆನ್ನು ತಿರುಗಿಸಿದರೆ ಹಿಂದೆ ಏನು ನಡೆಯುತ್ತದೆಂದು ನನಗೆ ಗೊತ್ತು. ನಾನೂ ಒಂದು ಕಾಲಕ್ಕೆ ಹಿಂದಿನ ಬೆಂಚಿನವನೇ. ಹಾಗಾಗಿ ಗೋಡೆಗೆ ಒರಗಿ ನಿಂತು, ಕೋಲನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿಯೇ ಪ್ರಪಂಚವನ್ನೆಲ್ಲ ತೋರಿಸುತ್ತಿದ್ದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಾನು ಶ್ರೀರಾಂಪುರದ ಆಚೆಯ ಒಂದು ಹಳ್ಳಿಯಲ್ಲಿ ಭೂಗೋಳದ ಮೇಷ್ಟ್ರು. ನಕ್ಷೆ ಕಳಿಸಿರೆಂದು ಮೇಲಿನವರಿಗೆ ಬರೆದು ಬರೆದು ಸಾಕಾಗಿ, ಏಷ್ಯಾ ಖಂಡವನ್ನು ಗೋಡೆಯ ಮೇಲೆ ನಾನೇ ಬರೆದೆ. ಉತ್ತರಕ್ಕೆ ಆರ್ಕ್‌ಟಿಕ್, ಪೂರ್ವಕ್ಕೆ ಪೆಸಿಫಿಕ್, ದಕ್ಷಿಣಕ್ಕೆ ಹಿಂದೂ ಮಹಾಸಾಗರ. ಮೂರು ಕಡೆ ನೀಲಿ ಬಳಿದರೆ ಆಯಿತು. ತಕರಾರೆಲ್ಲ ಪಶ್ಚಿಮದ್ದು. ಅಲ್ಲಿ ಏಷ್ಯಾ ಮುಗಿಯುವುದೇ ಇಲ್ಲ, ಹಾಗೇ ಯುರೋಪಾಗಿಬಿಡುತ್ತದೆ. ನಡುವಿನ ಯೂರಲ್ ಬೆಟ್ಟಸಾಲು, ಕೆಳಗೆ ಯೂರಲ್ ನದಿ, ಕ್ಯಾಸ್ಪಿಯನ್, ಕಾಕಸಸ್, ಇವನ್ನೇ ಗಡಿ ಎಂದುಕೊಳ್ಳಿ ಎನ್ನುತ್ತದೆ ಪುಸ್ತಕ. ಅಷ್ಟರಲ್ಲಿ ಬಣ್ಣ ತೀರಿತ್ತು. ಹಬ್ಬಕ್ಕೆ ಗೋಡೆಗೆ ಬಳಿಯುವ ಕೆಂಪು ಜಾಜನ್ನೇ ನೀರಿನಲ್ಲಿ ಕಲಸಿ ಯೂರಲ್ಲನ್ನು ಎಬ್ಬಿಸಿದೆ.

ಮಗನನ್ನು ಸೇರಿಸಲು ಬಂದಿದ್ದ ಕುರಿಗಾರ ಕರಿಯಪ್ಪ ಅದನ್ನು ದಿಟ್ಟಿಸಿ ನೋಡಿದ.

"ಮೇಷ್ಟ್ರೇ, ಆ ಬೆಟ್ಟನ ಕುರಿ ದಾಟ್ತಾವೇನ್ರಿ?"

"ದಾಟುತ್ತವೆ. ಅಷ್ಟೇನೂ ಎತ್ತರವಿಲ್ಲ."

"ಕುರಿ ದಾಟ್ತಾವೆ ಅಂದ್ರೆ ಅದೆಂಥ ಗಡಿರೀ? ಯಾರೋ ಕುಂತಲ್ಲೇ ಗೀಟು ಎಳ್ದವ್ರೆ, ಬಿಡ್ರಿ."

ಅಂದಿನಿಂದ ನನಗೂ ಆ ಗಡಿಯ ಮೇಲೆ ಒಂದು ಕಣ್ಣು. ನೋಡುತ್ತಿದ್ದಂತೆ ತಿಂಗಳೊಳಗೆ ಯೂರಲ್ ಸವೆಯತೊಡಗಿತು! ಎರಡು ಸಲ ತಿದ್ದಿದೆ, ಎರಡು ಸಲವೂ ಮಾಯ. ಅದೇ ಕೋಣೆಯಲ್ಲಿ ಚರಿತ್ರೆ ಹೇಳುತ್ತಿದ್ದವರು ಹನುಮಂತಪ್ಪನವರು. ನನಗಿದ್ದ ಒಬ್ಬರೇ ಒಬ್ಬರು ಗೆಳೆಯರು. ದಿನಾ ಮಧ್ಯಾಹ್ನ ಒಂದೇ ಬುತ್ತಿ ಎನ್ನುವಂತೆ ಉಣ್ಣುತ್ತಿದ್ದೆವು. ಒಮ್ಮೆ ಅವರು, "ನೆಲ ಒಂದೇ ಐತಲ್ರಿ, ಎರಡು ಹೆಸರು ಯಾಕೆ ಬೇಕು?" ಎಂದಿದ್ದು ನೆನಪಾಯಿತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಅವರೊಡನೆ ಮಾತು ಬಿಟ್ಟೆ. ಅವರ ಮನೆಯ ಶೇಂಗಾ ಚಟ್ನಿಯನ್ನೂ ಬಿಟ್ಟೆ. ಸತ್ಯ ಹೇಳುತ್ತೇನೆ, ಎರಡನೆಯದೇ ಹೆಚ್ಚು ಸಂಕಟದ್ದು.

ಇತ್ತ ಮನೆಯಲ್ಲಿ ಇನ್ನೊಂದು ರಗಳೆ. "ಅದೆಲ್ಲಿ ಬಿದ್ದು ಹೊಳ್ಳಾಡಿ ಬರ್ತೀರ್ರಿ? ಅಂಗಿ ಬೆನ್ನೆಲ್ಲ ಕೆಂಪು! ಒಗ್ದೂ ಒಗ್ದೂ ನನ್ನ ರಟ್ಟೆ ಬಿದ್ದೋಗೈತೆ" ಎಂದು ನಮ್ಮಾಕೆ ದಿನಾ ಕೂಗುತ್ತಿದ್ದಳು. ಅದು ನಾನು ದಿನಾ ಓಡಾಡುವ ಹೊಸದುರ್ಗದ ಬಸ್ಸಿನ ಸೀಟಿನ ಕೆಲಸವೆಂದು ತೀರ್ಮಾನಿಸಿ ಕಂಡಕ್ಟರನ ಮೇಲೆ ಹರಿಹಾಯ್ದೆ. ಅವನು ಅಂದಿನಿಂದ ನನ್ನನ್ನು ನಿಲ್ಲಿಸಿಯೇ ಕರೆದೊಯ್ದ.

ಕೊನೆಗೆ ಶಾಲೆ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ನನ್ನ ಪಾಠವನ್ನೆಲ್ಲ ಕೇಳಿ, ಗೋಡೆ ನೋಡಿ, "ಏಷ್ಯಾ ಎಲ್ಲಿಗೆ ಮುಗೀತು ಮೇಷ್ಟ್ರೇ?" ಎಂದರು. ಅಷ್ಟು ದಿನ ತಡೆದಿದ್ದು ಬಾಯಿಗೆ ಬಂತು. "ಹನುಮಂತಪ್ಪನವರನ್ನೇ ಕೇಳಿ ಸಾರ್. ಬೇಕಂತಲೇ ಅಳಿಸ್ತಾರೆ!" ಬಾಗಿಲ ಬಳಿ ನಿಂತಿದ್ದ ಹನುಮಂತಪ್ಪನವರ ಮುಖ ಸಪ್ಪಗಾಯಿತು. ಸಿಟ್ಟು ಮಾಡಲಿಲ್ಲ. "ಒಸಿ ಆ ಕಡೆ ತಿರುಗ್ರಿ ಮೇಷ್ಟ್ರೇ" ಎಂದರಷ್ಟೆ.

ಆ ಕ್ಲಾಸಿಗೆ ನಾನು ಬೆನ್ನು ತೋರಿಸಿದ್ದು ಅದೇ ಮೊದಲು. ಹುಡುಗರು ಹೋ ಎಂದರು.

"ಯೂರಲ್ ಎಲ್ಲೂ ಹೋಗಿಲ್ಲ ಸಾರ್. ಇವ್ರ ಬೆನ್ನ ಮ್ಯಾಲೇ ಐತೆ."

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ನಾನೇ ಎಷ್ಟು ಸಲ ಬೋರ್ಡಿನ ಮೇಲೆ ಬರೆಸಿದ್ದೆ! ದಿನಕ್ಕಿಷ್ಟು ಬೆಟ್ಟವನ್ನು ನಾನೇ ಹೊತ್ತು ಮನೆಗೆ ಒಯ್ಯುತ್ತಿದ್ದೆ, ನಮ್ಮಾಕೆ ಅದನ್ನು ಕಲ್ಲಿಗೆ ಕುಕ್ಕಿ ಒಗೆಯುತ್ತಿದ್ದಳು. ಇನ್ಸ್‌ಪೆಕ್ಟರು ಕಣ್ಣೊರೆಸಿಕೊಂಡು ನಕ್ಕು ಹೋದರು. ನನಗೆ ನಾಚಿಕೆಯಿಂದ ಜೀವ ಹೋದಂತಾಯಿತು.

ಸಂಜೆ ಹನುಮಂತಪ್ಪನವರ ಹತ್ತಿರ ಹೋಗಿ, "ತಪ್ಪಾಯ್ತು. ಆದರೆ ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ನಂಬ್ತಿದ್ರೇನ್ರಿ? ನಾನೇ ನಿಮ್ಮ ಬೆನ್ನಿಗೆ ಬಳ್ದೆ ಅಂತಿದ್ರಿ."

ಅನ್ನುತ್ತಿದ್ದೆ, ಖಂಡಿತ ಅನ್ನುತ್ತಿದ್ದೆ. ಮರುದಿನ ಮಧ್ಯಾಹ್ನ ಅವರು ಏನೂ ಆಗಿಲ್ಲವೆಂಬಂತೆ ಡಬ್ಬಿಯನ್ನು ನನ್ನತ್ತ ಸರಿಸಿದರು. ನನ್ನ ಕಣ್ಣು ತುಂಬಿ ಬಂತು. ಆದರೂ ಚಟ್ನಿ ಎಂದಿಗಿಂತ ಯಾಕೋ ಕೆಂಪಗಿತ್ತು. ಮೊದಲ ತುತ್ತನ್ನು ಅವರೇ ತಿನ್ನಲಿ ಎಂದು ಒಂದು ಗಳಿಗೆ ಕಾದೆ.