ಸುಳಿ ನೋಡಿ ತಂದ ವೆಲ್ಡಿಂಗ್ ಮಿಷನ್

ಸಿಟ್ಟು ಬಂದರೆ ಕೆಲವರು ಬೈಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಸಾಮಾನು ಕೊಳ್ಳುತ್ತೇನೆ. ಕಟಿಂಗ್ ಶಾಪಿನಲ್ಲಿ ಕಾಯಿಸಿದರೆಂದು ಒಮ್ಮೆ ಕೂದಲು ಕತ್ತರಿಸುವ ಮಿಷನ್ ತಂದೆ. ನನ್ನ ಇಬ್ಬರು ಗಂಡುಮಕ್ಕಳು ಒಂದು ತಿಂಗಳು ಟೋಪಿ ಹಾಕಿಕೊಂಡು ಸ್ಕೂಲಿಗೆ ಹೋದರು. ಹಾಲಿಗೆ ನೀರು ಬೆರೆಸಿದನೆಂದು ಹಾಲಿನವನ ಮೇಲೆ ಸಿಟ್ಟಾಗಿ ಎಮ್ಮೆಯನ್ನೇ ಹಿಡಿದುಕೊಂಡು ಬಂದೆ. ಆ ಎಮ್ಮೆಯೋ, ನಮ್ಮ ಮನೆಯವರು ಯಾರು ಕೂತರೂ ಹಾಲು ಇಳಿಸದು, ಅದೇ ಹಾಲಿನವನು ಕೂತರೆ ಸರಾಗ! ಕೊನೆಗೆ ಅವನೇ ದಿನಾ ಬಂದು ಕರೆದುಕೊಟ್ಟು, ನಮ್ಮ ಮನೆಯ ಕಾಫಿಯನ್ನೂ ಕುಡಿದು ಹೋಗುತ್ತಿದ್ದ.

ಇಷ್ಟು ಹೇಳಿದ ಮೇಲೆ, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ವೆಲ್ಡಿಂಗ್ ಮಿಷನ್ ಯಾಕೆ ಕೊಂಡೆ ಎಂದು ನೀವು ಕೇಳಲಾರಿರಿ. ಎಂಬತ್ತರ ದಶಕದ ಮಾತು. ಊರ ಹೊರಗೆ ಮನೆ ಕಟ್ಟಿಸಿದ್ದೆ. ಗೋಡೆ ಎದ್ದಿತ್ತು, ಕಾಂಪೌಂಡು ಎದ್ದಿತ್ತು, ಗೃಹಪ್ರವೇಶಕ್ಕೆ ದಿನವೂ ಗೊತ್ತಾಗಿತ್ತು. ಗೇಟು ಮಾತ್ರ ವೆಲ್ಡಿಂಗ್ ಬಾಷಾ ಅವರ ಅಂಗಡಿಯಲ್ಲಿ ಕತ್ತರಿಸಿದ ಸರಳುಗಳ ರೂಪದಲ್ಲೇ ಮಲಗಿತ್ತು. ಹೋದಾಗಲೆಲ್ಲ ಅವರು ನೂಲು ತೆಗೆಯುವ ಯಾವುದೋ ರಾಟೆಯ ರಿಪೇರಿಯಲ್ಲಿರುತ್ತಿದ್ದರು. "ರೇಷ್ಮೆ ಗೂಡು ಕಾಯಲ್ಲ ಮೇಷ್ಟ್ರೇ, ಬಿಟ್ರೆ ಚಿಟ್ಟೆ ಆಗಿ ಹಾರೋಯ್ತದೆ. ನಿಮ್ ಗೇಟು ಎಲ್ಲಿಗೆ ಹಾರೋಯ್ತದೆ? ನಾಳೆ ಬನ್ನಿ" ಎನ್ನುವರು. ಆರನೆಯ ನಾಳೆಗೆ ನನ್ನ ತಲೆ ಕೆಟ್ಟಿತು. ಪಕ್ಕದ ಟೀ ಅಂಗಡಿಯವರೆಲ್ಲ ಕೇಳುವ ಹಾಗೆ, "ಮಿಷನ್ ನಾನೇ ತರ್ತೀನಿ! ಗೇಟು ನಾನೇ ಮಾಡ್ತೀನಿ! ಗೃಹಪ್ರವೇಶದ ಹಸು ಆ ಗೇಟಲ್ಲೇ ಒಳಗೆ ಬರ್ಬೇಕು, ನೋಡ್ತಿರಿ!" ಎಂದು ಕೂಗಿ, ಸರಳುಗಳನ್ನು ಗಾಡಿಗೆ ಹೇರಿಸಿಕೊಂಡು ಬಂದುಬಿಟ್ಟೆ. ಉಳಿದಿದ್ದದ್ದು ಹನ್ನೆರಡು ದಿನ. ಹಸು ನುಗ್ಗದಿದ್ದರೆ ಆ ಟೀ ಅಂಗಡಿಯ ಮುಂದೆ ನಾನು ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಮೊದಲು ಹೊಸದನ್ನೇ ಕೊಳ್ಳೋಣವೆಂದು ಬೆಂಗಳೂರಿಗೆ ಹೋದೆ. ಅಂಗಡಿಯವನು "ಎಷ್ಟು ಆಂಪಿಯರ್ ಬೇಕು ಸಾರ್?" ಎಂದ. ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಆಂಪಿಯರ್ ಬರೆದು ಅಳಿಸಿದವನು ನಾನು. ಆದರೂ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು, "ಒಂದು ಮೀಡಿಯಂ ಸೈಜು ತೋರ್ಸಿ." ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿಗೆ, ಬೆಲೆ ಕೂಡ ಕೇಳದೆ ಬಸ್ಸು ಹತ್ತಿದೆ.

ಹಾಗಾದರೆ ಹಳೆಯದೇ ಗತಿ. ಚಿಂತಾಮಣಿಯಲ್ಲಿ ನಾರಾಯಣಪ್ಪ ಎಂಬುವರು ಷೆಡ್ಡು ಮುಚ್ಚುತ್ತಿದ್ದಾರೆ, ಅವರಲ್ಲೊಂದು ಮಿಷನ್ ಇದೆ ಎಂದು ತಿಳಿಯಿತು. ಹಳೆಯದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗೃಹಪ್ರವೇಶಕ್ಕೆಂದು ಮುಂಚೆಯೇ ಬಂದಿದ್ದ ನಮ್ಮ ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಅವರು ಗೌರಿಬಿದನೂರಿನ ಆಚೆ ನಗರಗೆರೆ ಕಡೆಯವರು. ಎತ್ತು ಪರೀಕ್ಷೆ ಮಾಡುವುದರಲ್ಲಿ ಹೆಸರುವಾಸಿ. "ಹೊಸದು ಯಾವನಾದ್ರೂ ತಗೋತಾನೆ ಕಣಪ್ಪ. ಹಳೇದು ತಗೋಳಕ್ಕೆ ಕಣ್ಣು ಬೇಕು" ಎಂದರು. "ಮಾವ, ಅದು ಕಬ್ಬಿಣ" ಎಂದೆ. "ಇರ್ಲಿ. ಕೆಲಸ ಮಾಡ್ತದೆ ತಾನೇ?"

ಷೆಡ್ಡಿನಲ್ಲಿ ಮಿಷನ್ ಒಂದು ಮೂಲೆಯಲ್ಲಿ ನಿಂತಿತ್ತು. ಮಾವ ಅದಕ್ಕೆ ಮೂರು ಸುತ್ತು ಬಂದರು. ಬೆನ್ನು ತಟ್ಟಿದರು. ಪಕ್ಕೆಗೆ ಕಿವಿಯಿಟ್ಟರು. ಬಣ್ಣ ಎದ್ದುಹೋದ ಜಾಗವನ್ನೆಲ್ಲ ಬೆರಳಿನಿಂದ ಸವರಿ, ಕೆಟ್ಟ ಸುಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ನಾರಾಯಣಪ್ಪನವರೂ ಎತ್ತು ಕಟ್ಟಿದ ಮನುಷ್ಯರೇ ಇರಬೇಕು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ರಾ ಪೆದ್ದಾಯನಾ, ಬಾಗಾ ಚೂಡು" ಎಂದರು ತೆಲುಗಿನಲ್ಲಿ, ಬಾ ಯಜಮಾನ, ಚೆನ್ನಾಗಿ ನೋಡಿಕೋ ಎಂದು.

"ಎಷ್ಟು ಕೈ ದಾಟೈತೆ?"

"ನನ್ನೊಬ್ಬಂದೇ ಕೈ. ಒಂದು ಏಟು ಹೊಡ್ದಿಲ್ಲ."

"ಒದೀತದಾ?"

"ಬರಿಗಾಲಲ್ಲಿ ಹತ್ರ ಹೋದ್ರೆ ಒದೀತದೆ."

ಒಳಗಿನ ಸುರುಳಿ ತಾಮ್ರದ್ದೋ ಅಲ್ಯೂಮಿನಿಯಂದೋ ಎಂದು ಕೇಳಲು ನಾನು ಬಾಯಿ ತೆರೆದೆ. "ಸುಮ್ನಿರಪ್ಪ, ದೊಡ್ಡೋರು ಮಾತಾಡ್ತಾವ್ರೆ" ಎಂದು ಮಾವ ಗದರಿದರು. ಆಮೇಲೆ "ಎಲ್ಲಿ, ಹೂಡಿ ತೋರ್ಸಿ" ಎಂದರು. ನಾರಾಯಣಪ್ಪ ಕಿಡಿ ಹಾರಿಸಿ ಎರಡು ಸರಳು ಜೋಡಿಸಿ ತೋರಿಸಿದರು. ಕೊನೆಗೆ ಇಬ್ಬರೂ ದನದ ಜಾತ್ರೆಯಲ್ಲಿ ಮಾಡುವ ಹಾಗೆ ಟವೆಲ್ ಕೆಳಗೆ ಕೈ ಸೇರಿಸಿ, ಬೆರಳು ಹಿಸುಕುತ್ತಾ, ಒಬ್ಬರು ಸೂರನ್ನೂ ಇನ್ನೊಬ್ಬರು ರಸ್ತೆಯನ್ನೂ ನೋಡುತ್ತಾ ವ್ಯಾಪಾರ ಮುಗಿಸಿದರು. ಆ ಷೆಡ್ಡಿನಲ್ಲಿ ಬೆಲೆ ಎಷ್ಟೆಂದು ಗೊತ್ತಿಲ್ಲದವನು ದುಡ್ಡು ಕೊಡಬೇಕಾಗಿದ್ದ ನಾನೊಬ್ಬನೇ. "ಹಗ್ಗ ಸಮೇತ ಕೊಡ್ಬೇಕು" ಎಂದು ಪಟ್ಟುಹಿಡಿದು ಮಾವ ಉದ್ದದ ಎರಡು ಕೇಬಲ್ಲನ್ನೂ, ಕರಿ ಗಾಜಿನ ಗುರಾಣಿಯನ್ನೂ ಸೇರಿಸಿಕೊಂಡರು. ಮಿಷನ್ ಟೆಂಪೋ ಇಳಿದಾಗ ನನ್ನ ಹೆಂಡತಿ ಕುಂಕುಮ ಇಟ್ಟಳು.

ಮಾರನೆಯ ದಿನ ಶುರುವಾಯಿತು ನೋಡಿ ನನ್ನ ಪಾಡು. ರಾಡು ಮುಟ್ಟಿಸಿದರೆ ಕಬ್ಬಿಣಕ್ಕೆ ಕಚ್ಚಿಕೊಳ್ಳುವುದು. ಕಿತ್ತರೆ ಕಿಡಿಯೇ ಇಲ್ಲ. ನಾನು ಕೈ ಹಾಕಿದಾಗಲೆಲ್ಲ ಬೀದಿಯ ಬಲ್ಬುಗಳು ಮಂಕಾಗುತ್ತಿದ್ದವು, ಪಕ್ಕದ ಮನೆಯ ಟಿವಿಯಲ್ಲಿ ವಾರ್ತೆ ಓದುವಾಕೆ ಕುಗ್ಗಿ ಕುಳ್ಳಿಯಾಗುತ್ತಿದ್ದಳು. "ಹೊಸಾ ಕೈ ಕಂಡ್ರೆ ಹಂಗೇ ಆಡ್ತದೆ. ಪಳಗ್ತದೆ ಬಿಡು" ಎಂದು ಮಾವ ಮಿಷನ್ನಿನ ಬೆನ್ನು ಸವರಿದರು. ನನ್ನ ಬೆನ್ನನ್ನು ಯಾರೂ ಸವರಲಿಲ್ಲ. ಗುರಾಣಿ ಹಿಡಿಯದೆ ಒಂದು ಗಳಿಗೆ ನೋಡಿದ್ದಕ್ಕೆ ಕಣ್ಣು ಊದಿ, ಒಂದು ದಿನ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದೆ. ಸ್ಕೂಲಿನಲ್ಲಿ ಅಂದು ಹಬ್ಬವಂತೆ.

ಆದರೂ ಬಿಡಲಿಲ್ಲ. ಗೃಹಪ್ರವೇಶದ ಹಿಂದಿನ ಸಂಜೆ ಗೇಟನ್ನು ಕಂಬಗಳ ನಡುವೆ ನಿಲ್ಲಿಸಿ, ಒಳಗಿನಿಂದಲೇ ಕೀಲುಗಳನ್ನು ಬೆಸೆದೆ. ಬಿದ್ದುಗಿದ್ದೀತೆಂಬ ಭಯಕ್ಕೆ ಮೇಲೊಂದು, ಕೆಳಗೊಂದು, ನಡುವೆ ಮೂರು ಬೆಸುಗೆ ಜಾಸ್ತಿಯೇ ಹಾಕಿದೆ. ಮಾವ ಎರಡೂ ಕೈಯಿಂದ ಹಿಡಿದು ಅಲುಗಿಸಿದರು. "ಅಬ್ಬಬ್ಬಾ! ಒಂದು ಕೂದಲೆಳೆ ಅಲ್ಲಾಡಲ್ಲ ಕಣಪ್ಪ!" ಹಿಗ್ಗಿನಿಂದ ನನಗೆ ಕಣ್ಣು ತುಂಬಿ ಬಂತು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಎಲ್ಲಿ, ತೆಗೀರಿ ನೋಡಣ."

ತೆಗೆಯುವುದು! ಆ ವಿಷಯ ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಗೇಟು ಕಂಬಕ್ಕೆ ಸೇರಿ ಒಂದೇ ಜೀವವಾಗಿತ್ತು. ಕಾಂಪೌಂಡಿಗೆ ಬೇರೆ ದಾರಿಯಿಲ್ಲ. ಬೆಳಗಾದರೆ ಹಸು ಬರಬೇಕು, ಪುರೋಹಿತರು ಬರಬೇಕು, ನೆಂಟರು ಬರಬೇಕು. ನಾನು ಪಂಚೆ ಎತ್ತಿಕಟ್ಟಿ ಗೋಡೆ ಹಾರಿ, ಅದೇ ಟೀ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ಬಾಷಾ ಅವರ ಹತ್ತಿರ ಹೋದೆ.

ಅವರು ನಗಲಿಲ್ಲ, ಪುಣ್ಯಾತ್ಮರು. ಗೋಡೆ ಹತ್ತಿ ಬಂದು, ನನ್ನ ಬೆಸುಗೆಗಳನ್ನೆಲ್ಲ ಗರಗಸದಿಂದ ಕೊಯ್ದು, ನನ್ನ ಮಿಷನ್ನಿನಿಂದಲೇ ಕೀಲು ಕೂಡಿಸಿದರು. ಮಗುವಿನ ಹಾಗೆ ಮಾತು ಕೇಳಿತು ಅದು! ಗೇಟನ್ನು ಒಂದು ಬೆರಳಿನಿಂದ ತಳ್ಳಿ ತೋರಿಸಿ, "ಮಿಷನ್ ಫಸ್ಟ್ ಕ್ಲಾಸ್ ಐತೆ ಮೇಷ್ಟ್ರೇ. ಯಾರು ಆರಿಸಿದ್ದು?" ಎಂದರು. ಮಾವ ಟವೆಲ್ ಕೊಡವಿದರು. ಅಲ್ಲೇ ಅದರ ಕೆಳಗೆ ಇಬ್ಬರ ಕೈಯೂ ಸೇರಿತು, ಮಿಷನ್ ಬಾಷಾ ಅವರದಾಯಿತು. ಬೆಲೆ ಎಷ್ಟೆಂದು ಈ ಸಲವೂ ನನಗೆ ಗೊತ್ತಾಗಲಿಲ್ಲ.

ಮರುದಿನ ಹಸು ಗೇಟಿನಲ್ಲೇ ಒಳಗೆ ಬಂತು. ಊಟವಾದ ಮೇಲೆ ಮಾವ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ನನ್ನನ್ನೇ ಬಹಳ ಹೊತ್ತು ನೋಡಿದರು.

"ಎತ್ತು ತಂದಾಗೆಲ್ಲ ಹೂಡಿ ನೋಡಿ ತಂದೆ. ಮಿಷನ್ನೂ ಹೂಡಿ ನೋಡ್ದೆ. ನಿಂಗೆ ಹೆಣ್ಣು ಕೊಡೋವಾಗ ಗೌರ್ಮೆಂಟ್ ಕೆಲಸ ಅಂದ್ರು, ಒಪ್ಕೊಂಡ್ಬಿಟ್ಟೆ ಕಣಪ್ಪ. ಹೂಡಿ ನೋಡ್ಲೇ ಇಲ್ಲ."

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ನನಗೆ ಸಿಟ್ಟು ಬಂದೇ ಬಂತು. ಆದರೆ ಹಾಲಿನವನ ಮೇಲೆ ಬಂದರೆ ಎಮ್ಮೆ ಕೊಳ್ಳಬಹುದು, ಮಾವನ ಮೇಲೆ ಬಂದರೆ ಏನನ್ನು ಕೊಳ್ಳುವುದು? ಎದ್ದು ಹೋಗಿ ಗೇಟನ್ನು ಒಂದು ಸಲ ತೆಗೆದು, ಹಾಕಿ ಬಂದೆ.