ಮನ್ನೂಬಿಯಾ ಹಾಕಿದ ಹೆಪ್ಪು

ಗಂಡ ನೌಫೆಲ್‌ನ ಸಾವಿಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎಮ್ನಾ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಕಾಫಿಗೆ ನೀರಿಟ್ಟಳು. ಅದನ್ನೇ ನೋಡುತ್ತ ನಿಂತಿದ್ದಾಗ ಫೋನು ಬಂತು. ಗಂಡನ ಜೊತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಲಸ್ಸಾದ್.

ಎಲ್ಲರೂ ಸ್ಫಾಕ್ಸ್ ಊರಿನ ಸ್ಮಶಾನದಲ್ಲಿದ್ದಾಗ ಪ್ರಯೋಗಾಲಯದ ಫ್ರೀಜರ್ ಕೆಟ್ಟು, ಒಳಗಿದ್ದುದೆಲ್ಲ ಸತ್ತಿತ್ತಂತೆ. ನೌಫೆಲ್ ರಕ್ತಭೇದಿಯ ಕ್ರಿಮಿಯಿಂದ ಒಂದು ವಂಶವಾಹಿಯನ್ನು ಕತ್ತರಿಸಿ ತೆಗೆದಿದ್ದ. ಅದಿಲ್ಲದೆ ಕ್ರಿಮಿ ಹಲ್ಲಿಲ್ಲದ ನಾಯಿಯಾಗುತ್ತದೆಂದು ಅವನ ನಂಬಿಕೆ; ಸಾಬೀತು ಮಾಡುವುದು ಬಾಕಿಯಿತ್ತು. ಇನ್ನುಳಿದದ್ದು ಅವನು ಮನೆಯ ಫ್ರಿಜ್ಜಿನಲ್ಲಿಟ್ಟಿದ್ದ, ಆ ಕ್ರಿಮಿಯಿದ್ದ ಒಂದೇ ಗಾಜಿನ ಕೊಳವೆ. ಸಂಜೆಯೊಳಗೆ ಅದು ಬಂದರೆ ಅವನ ಕೆಲಸ ಉಳಿಯುತ್ತದೆ, ಇಲ್ಲವಾದರೆ ಅದೂ ಅವನ ಜೊತೆ ಮಣ್ಣಾದಂತೆ.

ಫ್ರಿಜ್ಜು ಬೋಳುತಲೆಯಂತೆ ಹೊಳೆಯುತ್ತಿತ್ತು. ಮೇಲಿನ ಮನೆಯ ಮನ್ನೂಬಿಯಾ ನಿನ್ನೆ ಅದನ್ನು ತೊಳೆದು ಹೋಗಿದ್ದಳು. ಎಮ್ನಾ ಮೆಟ್ಟಿಲು ಹತ್ತಿ ಓಡಿದಳು.

"ಗಾಜಿನ ಕೊಳವೆ ಎಲ್ಲಿ ಚಿಕ್ಕಮ್ಮ?"

"ಆ ಹೆಪ್ಪಾ? ಮೊಸರಲ್ಲೂ ಕ್ರಿಮಿನೇ ಇರೋದು ಅಂತ ನಿನ್ ಗಂಡನೇ ಹೇಳಿದ್ದ. ಅಷ್ಟು ಓದಿದವನು ಸಾಕಿದ ಕ್ರಿಮಿ, ಚೆಲ್ಲೋಕೆ ಮನಸ್ಸು ಬರಲಿಲ್ಲ ಮಗಳೇ. ಹಾಲಿಗೆ ಹಾಕ್ದೆ. ನಿಮ್ಮ ಚಿಕ್ಕಪ್ಪ ರಾತ್ರಿ ಒಂದು ಬಟ್ಟಲು ಕುಡಿದ."

ಮನ್ನೂಬಿಯಾಳ ಗಂಡ, ಹಮ್ಮಾದಿ ಚಿಕ್ಕಪ್ಪ, ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಎಮ್ನಾ ಏದುಸಿರು ಬಿಡುತ್ತ ಅವನ ಹೊಟ್ಟೆಯ ಸಮಾಚಾರ ಕೇಳಿದಳು. ಅಂಗಡಿಯವರೆಲ್ಲ ಕಿವಿ ನಿಮಿರಿಸಿದರು. ಕ್ಷೌರಿಕ ಕತ್ತಿ ಕೆಳಗಿಟ್ಟು ಹೊಟ್ಟೆ ಒತ್ತಿ ನೋಡಿದ. ಬೆಂಚಿನ ಮೇಲಿದ್ದವನು ನಾಲಿಗೆ ಚಾಚಿಸಿದ. ಹಮ್ಮಾದಿಗೆ ಏನೂ ಆಗಿರಲಿಲ್ಲ. "ಈ ಹುಡುಗಿ ಕೇಳೋವರೆಗೂ ಚೆನ್ನಾಗೇ ಇದ್ದೆ" ಅಂದ.

ಎಮ್ನಾ ಅಲ್ಲಿಂದಲೇ ಫೋನು ಮಾಡಿದಳು. ಆ ಕಡೆ ಲಸ್ಸಾದ್ ಕುರ್ಚಿಯಿಂದ ಎದ್ದ ಸದ್ದಾಯಿತು.

"ಹಾಗಾದ್ರೆ ನೌಫೆಲ್ ಹೇಳಿದ್ದೇ ಸರಿ ಇರಬೇಕು. ಹಾಲು ಒಂದು ಚಮಚ ಮಿಕ್ಕಿದ್ರೂ ಸಾಕು, ತನ್ನಿ ಅತ್ತಿಗೆ. ಮತ್ತೆ ಬೆಳೆಸ್ತೀನಿ."

ಎಮ್ನಾ ಮತ್ತೆ ಮೇಲಿನ ಮನೆಗೆ ಓಡಿದಳು. ಹಾಲು ಮಿಕ್ಕಿತ್ತು. ಮನ್ನೂಬಿಯಾ ಪಾತ್ರೆ ತಂದು ಮುಂದಿಟ್ಟು ಬೇಸರಪಟ್ಟುಕೊಂಡಳು.

"ಹೆಪ್ಪು ಕಟ್ಟಲೇ ಇಲ್ಲ ನೋಡು. ನಾನೇನು ಅಶುದ್ಧವಾಗಿ ಮಾಡ್ಲಿಲ್ಲ. ಸಾವಿನ ಮನೆ ವಸ್ತು ಅಂತ ಕೊಳವೇನ ಮೊದಲು ಚೆನ್ನಾಗಿ ಕುದಿಸೇ ಹಾಕಿದ್ದು."

ಎಮ್ನಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಲಸ್ಸಾದನಿಗೆ ಮತ್ತೆ ಫೋನು ಮಾಡಲು ಧೈರ್ಯ ಬರಲಿಲ್ಲ.

ಸಂಜೆ ಪ್ರಯೋಗಾಲಯಕ್ಕೆ ಹೋದಳು. ಕೊಳವೆಯನ್ನು ಮನೆಗೆ ತರಲೆಂದು ನೌಫೆಲ್ ಅಲ್ಲಿಂದ ಎರವಲು ಪಡೆದಿದ್ದ ಐಸ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಲಸ್ಸಾದ್ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು ಮುಚ್ಚಳ ತೆಗೆದ. ಒಳಗೆ ಒಂದು ಬಟ್ಟಲು ಗಟ್ಟಿ ಮೊಸರಿತ್ತು.

"ಇದರಲ್ಲಿದೆಯಾ?"

"ಇಲ್ಲ. ಇದು ಅಂಗಡಿ ಮೊಸರು. ಎರವಲು ತಂದದ್ದನ್ನ ಖಾಲಿ ವಾಪಸ್ ಕೊಡಬಾರದು ಅಂತ ಚಿಕ್ಕಮ್ಮ ಇಟ್ಟುಬಿಟ್ರು."