ಕದಡಬಾರದ ನೀರು

ಹೊಳೆಯ ನೀರು ಶುದ್ಧವಾಗಿದೆ ಎಂಬುದು ಇಲಾಖೆಯ ಕಡತಗಳಿಂದ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿದೆ. ನಿಯಮ ಹನ್ನೊಂದರ ಪ್ರಕಾರ, ಜಲ್ಲಿ ಗಣಿಯ ಪಕ್ಕದಲ್ಲಿ ತುಂಬಿದ ಬಾಟಲಿಯನ್ನು ಮೂರು ದಿನ ಅಲುಗಾಡಿಸದೆ ಇಟ್ಟು, ಮೇಲಿನ ನೀರನ್ನಷ್ಟೇ ಪರೀಕ್ಷಿಸತಕ್ಕದ್ದು. ಸುಣ್ಣ ಕಲಸಿದಂತೆ ಬಂದ ನೀರೂ ನಾಲ್ಕನೆಯ ದಿನಕ್ಕೆ ಲಕ್ಷಣವಾಗಿ ತಿಳಿಯಾಗುತ್ತಿತ್ತು. ಪರೀಕ್ಷಕಿ ಆರು ವರ್ಷದಿಂದ 'ತಿಳಿ' ಎಂದು ಬರೆದು ಸಹಿ ಹಾಕುತ್ತಿದ್ದಳು.

ತೊಂದರೆಯೆಂದರೆ, ಅವಳ ಮನೆ ಇದ್ದದ್ದು ಗಣಿಯ ಕೆಳಗಿನ ತಿರುವಿನಲ್ಲಿ. ಹೊಳೆಗೂ ಮನೆಗೂ ನಡುವಿನ ಮಣ್ಣಿನ ಏರಿಯನ್ನು ಗಣಿಯವರು ಬುಡದಿಂದ ಕೆರೆಯುತ್ತ ಬಂದಿದ್ದರು. ಈಗ ಆಡು ನಡೆದರೂ ಮಣ್ಣು ಉದುರುತ್ತಿತ್ತು. ಅತ್ತೆ ದಿನಾ ಅದನ್ನೇ ಹೇಳಿ ತಲೆ ತಿನ್ನುತ್ತಿದ್ದಳು. ಏರಿ ಭದ್ರಪಡಿಸಿ ಎಂದು ಪರೀಕ್ಷಕಿ ಅರ್ಜಿ ಕೊಟ್ಟಾಗ, ಮೇಲಧಿಕಾರಿ ಅವಳದೇ ವರದಿಗಳನ್ನು ತೆರೆದು ತೋರಿಸಿದರು. ಏರಿ ಕುಸಿಯುತ್ತಿದ್ದರೆ ನೀರು ಕದಡಬೇಕಿತ್ತು, ನೀರು ತಿಳಿಯಾಗಿದೆ, ಆದ್ದರಿಂದ ಏರಿ ಗಟ್ಟಿಯಾಗಿದೆ. ಕೆಳಗಿದ್ದ ತನ್ನದೇ ಸಹಿ ನೋಡಿ ಅವಳು ಅರ್ಜಿಯನ್ನು ವಾಪಸು ತೆಗೆದುಕೊಂಡಳು.

ಮುಂದಿನ ಮಂಗಳವಾರ ಮಧ್ಯಾಹ್ನ ಏರಿ ಒಡೆಯಿತು. ಅತ್ತೆ ಸೊಸೆ ಇಬ್ಬರೂ ತಾರಸಿ ಹತ್ತಿ ಕೂತರು. ಅಲ್ಲಿಂದಲೇ ಅವಳು ಮೇಲಧಿಕಾರಿಗೆ ಫೋನ್ ಮಾಡಿ, ಮನೆಯೊಳಗೆ ಎದೆಮಟ್ಟ ನೀರಿದೆ ಎಂದಳು.

"ಕದಡಬೇಡಿ," ಎಂದರು ಅವರು. "ಮೂರು ದಿನ ಬಿಡಿ, ತಿಳಿಯಾಗ್ಲಿ. ಆಮೇಲೆ ಬಂದು ನೋಡ್ತೀವಿ."

ನಾಲ್ಕನೆಯ ದಿನ ತನಿಖಾ ತಂಡ ಬಂತು. ನೀರು ಇಳಿದುಹೋಗಿತ್ತು. 'ನೆರೆ ಕಂಡುಬಂದಿಲ್ಲ' ಎಂದು ದಾಖಲಿಸಲಾಯಿತು. ಆದರೆ ನಡುಮನೆಯಲ್ಲಿ ಮೊಣಕಾಲುದ್ದ ಜಲ್ಲಿ ಕಂಡುಬಂತು, ಅದೂ ಒಳ್ಳೆಯ ದರ್ಜೆಯದು. ಹೊಳೆಯ ಜಲ್ಲಿ ಇರುವ ಜಾಗವೆಲ್ಲ ಹೊಳೆಯ ಪಾತ್ರವೇ ಎಂಬ ನಿಯಮವಿರುವುದರಿಂದ, ಮನೆಯನ್ನು ನಿಂತ ನಿಲುವಿನಲ್ಲೇ ಗಣಿಯ ಗಡಿಗೆ ಸೇರಿಸಲಾಯಿತು. ಅಗೆಯುವ ಪರವಾನಗಿಗೆ ಪರೀಕ್ಷಕರ ಸಹಿ, ನಿವಾಸಿಯ ಸಹಿ ಎರಡೂ ಬೇಕಿತ್ತು. ಎರಡೂ ಅವಳದೇ ಆದದ್ದರಿಂದ ಓಡಾಟ ತಪ್ಪಿತೆಂದು ಮೇಲಧಿಕಾರಿ ಸಂತೋಷಪಟ್ಟರು.

ಅವಳ ಗಂಡ ತೀರಿಕೊಳ್ಳುವ ಮೊದಲು ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಫಾರಮ್ಮಿನಲ್ಲಿ ಆಕ್ಷೇಪಣೆಗೆ ಜಾಗವಿದೆಯೇ ಎಂದು ಹುಡುಕಿದಳು. ಇತ್ತು. ಆಕ್ಷೇಪಣೆಯನ್ನು ಮನಸ್ಸು ತಿಳಿಯಾಗುವವರೆಗೆ ಮೂರು ದಿನ ಇಟ್ಟುಕೊಂಡು ಅನಂತರ ಬರೆಯತಕ್ಕದ್ದು ಎಂದು ಕೆಳಗೆ ಅಚ್ಚಾಗಿತ್ತು. ಅಗೆಯುವ ಯಂತ್ರ ಆಗಲೇ ಅಂಗಳಕ್ಕೆ ಬಂದಿತ್ತು. ಅವಳು ಎರಡೂ ಕಡೆ ಸಹಿ ಹಾಕಿದಳು.

ಅತ್ತೆ ಯಂತ್ರದವನ ಹತ್ತಿರ ಹೋದಳು.

"ಅಡುಗೆಮನೆ ಕೊನೆಗಿಟ್ಕೋತೀಯೇನಪ್ಪಾ? ಒಲೆ ಮೇಲೆ ಎಸರಿಟ್ಟಿದೀನಿ."

ಅವನು ಒಳ್ಳೆಯವನು. ಆಗಲಿ ಎಂದು ಮಲಗುವ ಕೋಣೆಯಿಂದ ಶುರು ಮಾಡಿದ.